ಹನ್ನೊಂದನೇ ಸಿಗ್ನಲ್

(ಪೋಸ್ಟ್ 1)

ಜುಲೈ ತಿಂಗಳು, ರಾತ್ರಿ ಒಂಬತ್ತು ಗಂಟೆ. ಹೊರಗೆ ಮಳೆ ಹೊಡೀತಾ ಇದೆ. ಕ್ಲಾಸ್ ಗ್ರೂಪಲ್ಲಿ ಒಂದೇ ಪ್ರಶ್ನೆ: "ನಾಳೆ ರಜಾ ಐತೇನು?" ಯಾರೋ ಒಬ್ಬರು ಜಿಲ್ಲಾಧಿಕಾರಿ ಆದೇಶದ ಫೋಟೋ ಹಾಕ್ತಾರೆ. ಎಲ್ಲರೂ ಅದನ್ನ ದೊಡ್ಡದು ಮಾಡಿ ತಾಲೂಕಿನ ಹೆಸರು ಹುಡುಕ್ತಾರೆ. ಜೊಯಿಡಾ ಇದೆ, ದಾಂಡೇಲಿ ಇದೆ, ಹಳಿಯಾಳ ಇಲ್ಲ. ಹಳಿಯಾಳದವರು ಅಳೋ ಎಮೋಜಿ ಹಾಕ್ತಾರೆ.

ನಮಗೆಲ್ಲ ಹವಾಮಾನದ ಎಚ್ಚರಿಕೆ ಅಂದ್ರೆ ಇಷ್ಟೇ. ಯೆಲ್ಲೋ ಅಲರ್ಟ್ ಅಂದ್ರೆ ಕ್ಲಾಸ್ ಇದೆ. ಆರೆಂಜ್ ಅಂದ್ರೆ ಆಸೆ ಇದೆ. ರೆಡ್ ಅಂದ್ರೆ ಅಲಾರಂ ಆಫ್ ಮಾಡಿ ಮಲಗಬಹುದು.

ಆದರೆ ಈ ಬಣ್ಣಗಳಿಗೂ ಒಬ್ಬ ಮುತ್ತಜ್ಜ ಇದ್ದಾನೆ ಗೊತ್ತೇನು? ಅವನು ಫೋನಿನಲ್ಲಿ ಬರ್ತಿರಲಿಲ್ಲ, ಬಂದರಿನ ಕಂಬದ ಮೇಲೆ ನೇತಾಡ್ತಿದ್ದ. ಕಪ್ಪು ಬಣ್ಣದ ಶಂಕು, ಕಪ್ಪು ಬಣ್ಣದ ಡೋಲು. ರಾತ್ರಿಯಾದರೆ ಕೆಂಪು ಮತ್ತು ಬಿಳಿ ದೀಪ. ಅದನ್ನ ಓದೋಕೆ ಬರೋ ನಾವಿಕ ಬದುಕಬಹುದಿತ್ತು. ಓದಿಯೂ ನಂಬದವನ ಕಥೆ ಬೇರೆ.

ಈ ಸಲದ ಸರಣಿ ಅದರ ಬಗ್ಗೆ. ಉದ್ದ ಇದೆ, ಒಂದೇ ಸಲಕ್ಕೆ ಓದಬೇಕಂತಿಲ್ಲ. ಸೇವ್ ಮಾಡ್ಕೊಳ್ಳಿ.

(ಪೋಸ್ಟ್ 2)

"ಸೂಪಾದವರಿಗೆ ಸಮುದ್ರದ ಉಸಾಬರಿ ಯಾಕೆ?" ಅಂತ ಕೇಳೋರು ಇರ್ತಾರೆ. ನಮ್ಮಲ್ಲಿ ಕಾಡಿದೆ, ಡ್ಯಾಂ ಇದೆ, ಮಂಗಟ್ಟೆ ಹಕ್ಕಿ ಇದೆ. ಹಡಗು ಎಲ್ಲಿದೆ?

ಫೋಟೋದಲ್ಲಿ ಕಾಣೋ ನೀರನ್ನೇ ಹಿಡ್ಕೊಂಡು ಹೋಗಿ. ಜೊಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟೋ ಕಾಳಿ, ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನ ದಾಟಿ, ಸುಮಾರು 184 ಕಿಲೋಮೀಟರ್ ಹರಿದು, ಸದಾಶಿವಗಡದ ಗುಡ್ಡದ ಬುಡದಲ್ಲಿ ಅರಬ್ಬಿ ಸಮುದ್ರ ಸೇರ್ತಾಳೆ. ಆ ಕಡೆ ದಡದಲ್ಲಿ ಕಾರವಾರ. ಅಂದ್ರೆ ನಮ್ಮ ನೀರಿನ ಕೊನೆ ಸ್ಟಾಪ್ ಒಂದು ಬಂದರು.

ನೀರಷ್ಟೇ ಅಲ್ಲ, ಮರವೂ ಹೋಗಿದೆ. ಕೆನರಾ ಮತ್ತು ಮಲಬಾರಿನ ಕಾಡಿನ ಸಾಗುವಾನಿಗೆ ಮುಂಬಯಿಯ ಹಡಗುಕಟ್ಟೆಯಲ್ಲಿ ಭಾರೀ ಬೇಡಿಕೆ ಇತ್ತು. ಓಕ್ ಮರದ ಹಡಗಿಗಿಂತ ಸಾಗುವಾನಿ ಹಡಗು ಹೆಚ್ಚು ವರ್ಷ ಬಾಳ್ತದೆ ಅನ್ನೋದು ಬ್ರಿಟಿಷರಿಗೆ ಗೊತ್ತಾಗಿತ್ತು. ಆಮೇಲೆ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯ್ತು. ತಕ್ಷಣ ಎಲ್ಲರ ಕಣ್ಣು ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಮೇಲೆ ಬಿತ್ತು. ಆ ಹತ್ತಿ ಎತ್ತಿನ ಮೇಲೆ, ಗಾಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರ್ತಿತ್ತು. ಎಷ್ಟು ಬರ್ತಿತ್ತು ಅಂದ್ರೆ ಹತ್ತಿಯ ಒಂದು ತಳಿಗೇ "ಕುಮಟಾ ಹತ್ತಿ" ಅಂತ ಹೆಸರು ಬಿತ್ತು. ಬೆಳೆದಿದ್ದು ಬಯಲುಸೀಮೆ, ಹೆಸರು ಮಾತ್ರ ಕರಾವಳಿಯದು!

1862ರಲ್ಲಿ ಉತ್ತರ ಕನ್ನಡವನ್ನ ಮದರಾಸು ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿ ಮತ್ತು ಕಾರವಾರ ಬಂದರಿನ ಲೆಕ್ಕಾಚಾರ ಇತ್ತು. ಮುಂಬಯಿ ಮತ್ತು ಕೊಚ್ಚಿ ನಡುವೆ ವರ್ಷವಿಡೀ ಹಡಗಿಗೆ ಆಸರೆ ಕೊಡೋ ಬಂದರು ಇದೊಂದೇ ಅಂತ ಕಾರವಾರವನ್ನ ಹೊಗಳ್ತಿದ್ದರು. 1864ರಲ್ಲಿ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬಂತು. ಕಾರವಾರದ ಬೀಚಲ್ಲಿ ನಿಂತು ರಾತ್ರಿ ಆ ಬೆಳಕನ್ನ ನೀವೂ ನೋಡಿರ್ತೀರಿ.

ಹಡಗು ಬಂತು, ಸರಕು ಬಂತು, ದೀಪ ಬಂತು. ಆದರೆ ದೀಪ ಹೇಳೋದು ಬಂಡೆ ಎಲ್ಲಿದೆ ಅಂತ ಮಾತ್ರ. ಬಿರುಗಾಳಿ ಎಲ್ಲಿದೆ ಅಂತ ಹೇಳೋರು ಯಾರು?

(ಪೋಸ್ಟ್ 3)

ಅದಕ್ಕೂ ಮೊದಲು ಹೇಳೋರು ಇರಲಿಲ್ಲ ಅಂತಲ್ಲ. ನಮ್ಮ ಕರಾವಳಿಯ ಮೀನುಗಾರರ ಹತ್ತಿರ ಒಂದು ಕ್ಯಾಲೆಂಡರ್ ಇತ್ತು. ಮಳೆಗಾಲ ಬಂದ್ರೆ ದೋಣಿ ಮೇಲಕ್ಕೆಳೆದು ಮಡಲು ಮುಚ್ಚೋದು, ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಮತ್ತೆ ಇಳಿಯೋದು. ಆಕಾಶದ ಬಣ್ಣ, ಅಲೆಯ ಸದ್ದು, ಹಕ್ಕಿಗಳು ದಡಕ್ಕೆ ಬರೋ ರೀತಿ, ಎಲ್ಲ ಓದ್ತಿದ್ದರು. ಇವತ್ತು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರೋದು ಮೀನಿನ ಸಂತಾನಕ್ಕೋಸ್ಕರ ಹೌದು, ಆದರೆ ಆ ತಿಂಗಳುಗಳನ್ನ ಹೊಸದಾಗಿ ಯಾರೂ ಕಂಡುಹಿಡೀಲಿಲ್ಲ.

ತೊಂದರೆ ಏನಂದ್ರೆ, ಕ್ಯಾಲೆಂಡರ್ ಮಳೆಗಾಲವನ್ನ ಹೇಳ್ತದೆ, ಚಂಡಮಾರುತವನ್ನಲ್ಲ. ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಬರೋದು ಮಳೆಗಾಲದ ಎರಡು ತುದಿಗಳಲ್ಲಿ: ಮೇ-ಜೂನ್ ಒಂದು ಕಡೆ, ಅಕ್ಟೋಬರ್-ನವೆಂಬರ್ ಇನ್ನೊಂದು ಕಡೆ. ಅಂದ್ರೆ ಸರಿಯಾಗಿ ದೋಣಿಗಳು ಹೊರಗಿರೋ ಹೊತ್ತಿಗೆ.

ದೂರದ ಬಿರುಗಾಳಿಯ ಸುದ್ದಿ, ಗಾಳಿಗಿಂತ ಮೊದಲು ಬಂದರಿಗೆ ಮುಟ್ಟಬೇಕಂದ್ರೆ ಗಾಳಿಗಿಂತ ಜೋರಾಗಿ ಓಡೋದು ಏನಾದರೂ ಬೇಕು. ಅದು ಬಂದಿದ್ದು ಟೆಲಿಗ್ರಾಫ್ ತಂತಿಯ ಜೊತೆ.

ಇದನ್ನ ಮೊದಲು ದೊಡ್ಡ ಮಟ್ಟದಲ್ಲಿ ಮಾಡಿದವರಲ್ಲಿ ಒಬ್ಬ ರಾಬರ್ಟ್ ಫಿಟ್ಜ್‌ರಾಯ್. ಹೆಸರು ಕೇಳಿದಂಗಿದೆಯಾ? ಡಾರ್ವಿನ್ ಹೋಗಿದ್ದ 'ಬೀಗಲ್' ಹಡಗಿನ ಕ್ಯಾಪ್ಟನ್ ಇವನೇ. ಬಯಾಲಜಿ ಪುಸ್ತಕದಲ್ಲಿ ಡಾರ್ವಿನ್‌ಗೆ ಅಧ್ಯಾಯ, ಇವನಿಗೆ ಅರ್ಧ ಸಾಲು. 1859ರ ಅಕ್ಟೋಬರಿನಲ್ಲಿ 'ರಾಯಲ್ ಚಾರ್ಟರ್' ಅನ್ನೋ ಹಡಗು ವೇಲ್ಸ್ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು ಸುಮಾರು 450 ಜನ ಸತ್ತರು. ಆಸ್ಟ್ರೇಲಿಯಾದಿಂದ ಅಷ್ಟು ದೂರ ಬಂದು ಮನೆ ಬಾಗಿಲಲ್ಲಿ ಮುಳುಗಿದ ಹಡಗು ಅದು. ಫಿಟ್ಜ್‌ರಾಯ್ ಹೇಳಿದ್ದು ಸರಳ: ಕರಾವಳಿಯ ಬೇರೆ ಬೇರೆ ಊರಿಂದ ಗಾಳಿ ಮತ್ತು ಒತ್ತಡದ ಲೆಕ್ಕ ತಂತಿಯಲ್ಲಿ ತರಿಸಿದ್ರೆ ಬಿರುಗಾಳಿ ಎಲ್ಲಿದೆ ಅಂತ ಗೊತ್ತಾಗ್ತದೆ, ಅದೇ ತಂತಿಯಲ್ಲಿ ಮುಂದಿನ ಬಂದರಿಗೆ ತಿಳಿಸಬಹುದು. 1861ರ ಫೆಬ್ರವರಿಯಲ್ಲಿ ಎಚ್ಚರಿಕೆ ಕಳಿಸೋದು ಶುರುವಾಯ್ತು.

ಬಂದರಿನಲ್ಲಿ ಏನು ಮಾಡಬೇಕು? ಕಂಬಕ್ಕೆ ಶಂಕು ಏರಿಸಬೇಕು. ತುದಿ ಮೇಲಿದ್ರೆ ಉತ್ತರದ ಬಿರುಗಾಳಿ, ಕೆಳಗಿದ್ರೆ ದಕ್ಷಿಣದ್ದು. ಡೋಲು ಏರಿದ್ರೆ ಒಂದರ ಹಿಂದೆ ಒಂದು ಗಾಳಿ. ಬಾವುಟ ಯಾಕಲ್ಲ ಅಂದ್ರೆ, ಗಾಳಿ ಇಲ್ಲದಾಗ ಬಾವುಟ ಜೋತು ಬೀಳ್ತದೆ, ಜೋರು ಗಾಳಿಗೆ ಹರೀತದೆ, ದೂರದಿಂದ ಬಣ್ಣ ತಿಳಿಯಲ್ಲ. ಶಂಕು ಹಾಗಲ್ಲ. ಯಾವ ದಿಕ್ಕಿಂದ ನೋಡಿದ್ರೂ ಆಕಾಶದ ಎದುರು ಕಪ್ಪು ತ್ರಿಕೋನ. ಡೋಲು ಯಾವ ಕಡೆಯಿಂದಲೂ ಕಪ್ಪು ಚೌಕ. ಓದು ಬರಹ ಬಾರದವನಿಗೂ ಅರ್ಥ ಆಗ್ತದೆ. ಇಷ್ಟು ಒಳ್ಳೆ ಡಿಸೈನ್ ಇವತ್ತಿನ ಎಷ್ಟೋ ಆ್ಯಪ್‌ಗಳಲ್ಲಿ ಇಲ್ಲ, ಬೇಜಾರು ಮಾಡ್ಕೋಬೇಡಿ.

ಕೆಲವು ಎಚ್ಚರಿಕೆ ಸುಳ್ಳಾದವು. ಪಂಡಿತರು ನಕ್ಕರು. ಫಿಟ್ಜ್‌ರಾಯ್ 1865ರಲ್ಲಿ ತೀರಿಕೊಂಡ ಮೇಲೆ, 1866ರಲ್ಲಿ ಈ ಎಚ್ಚರಿಕೆಗಳನ್ನ ನಿಲ್ಲಿಸಿಯೇ ಬಿಟ್ಟರು, ವೈಜ್ಞಾನಿಕ ಆಧಾರ ಸಾಲದು ಅಂತ. ಆಗ ಗಲಾಟೆ ಎದ್ದಿದ್ದು ಸಮುದ್ರಕ್ಕೆ ಹೋಗೋರ ಕಡೆಯಿಂದ. ಹತ್ತರಲ್ಲಿ ಕೆಲವು ತಪ್ಪಾದರೂ ಪರವಾಗಿಲ್ಲ, ನಮಗೆ ಬೇಕು ಅಂದರು. 1867ರಲ್ಲಿ ಮತ್ತೆ ಶುರುವಾಯ್ತು.

(ಪೋಸ್ಟ್ 4)

ಈಗ ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಒಬ್ಬ ಇನ್ನೂ ಮೊದಲೇ ಹೇಳಿದ್ದ, ಯಾರೂ ಕೇಳಿರಲಿಲ್ಲ.

ಹೆನ್ರಿ ಪಿಡಿಂಗ್ಟನ್. ಹಡಗಿನ ಕ್ಯಾಪ್ಟನ್ ಆಗಿದ್ದವನು, ಆಮೇಲೆ ಕಲ್ಕತ್ತಾದಲ್ಲಿ ನೆಲೆಸಿದ. ಹಡಗುಗಳ ದಿನಚರಿ ಪುಸ್ತಕ ಓದಿ ಓದಿ, ಈ ಬಿರುಗಾಳಿಗಳು ನೇರವಾಗಿ ಬೀಸಲ್ಲ, ಸುರುಳಿ ಸುತ್ತುತ್ತವೆ ಅಂತ ತೋರಿಸಿದವರಲ್ಲಿ ಒಬ್ಬ. ಸುತ್ತಿಕೊಂಡ ಹಾವಿನ ಹಾಗೆ ಅಂತ ಗ್ರೀಕ್ ಪದ ಹುಡುಕಿ 'ಸೈಕ್ಲೋನ್' ಅಂತ ಹೆಸರಿಟ್ಟವನು ಇವನೇ, 1848ರಲ್ಲಿ. ಇವತ್ತು ಇಡೀ ಪ್ರಪಂಚ ಬಳಸೋ ಆ ಪದ ಹುಟ್ಟಿದ್ದು ಕಲ್ಕತ್ತಾದಲ್ಲಿ.

1853ರಲ್ಲಿ ಅವನು ಗವರ್ನರ್ ಜನರಲ್ ಡಾಲ್‌ಹೌಸಿಗೆ ಒಂದು ಪತ್ರ ಬರೆದ. ಸುಂದರಬನದ ಮಾತ್ಲಾ ನದಿ ಹತ್ತಿರ ಹೊಸ ಬಂದರು ಕಟ್ಟೋ ಯೋಚನೆ ನಡೀತಿತ್ತು. ಬೇಡ, ಚಂಡಮಾರುತದ ಜೊತೆ ಸಮುದ್ರವೇ ಉಕ್ಕಿ ಊರಿನ ಮೇಲೆ ಬರ್ತದೆ ಅಂದ. ಬಂದರು ಕಟ್ಟಿದರು, ಪೋರ್ಟ್ ಕ್ಯಾನಿಂಗ್ ಅಂತ ಹೆಸರಿಟ್ಟರು. 1867ರ ನವೆಂಬರಿನಲ್ಲಿ ಚಂಡಮಾರುತ ಬಂದು ಅದನ್ನ ಹಾಳು ಮಾಡಿತು. ಪಿಡಿಂಗ್ಟನ್ ಆಗ ಬದುಕಿರಲಿಲ್ಲ, 1858ರಲ್ಲೇ ಹೋಗಿದ್ದ.

ಅದಕ್ಕಿಂತ ಮೂರು ವರ್ಷ ಮೊದಲು, 1864ರ ಅಕ್ಟೋಬರ್ 5, ಕಲ್ಕತ್ತಾ. ಹೂಗ್ಲಿ ನದಿಯೊಳಗೆ ಸಮುದ್ರ ನುಗ್ಗಿತು. ಬಂದರಿನಲ್ಲಿದ್ದ 195 ಹಡಗುಗಳಲ್ಲಿ ಪೆಟ್ಟಾಗದೆ ಉಳಿದಿದ್ದು 23. ಸತ್ತವರು ಸುಮಾರು 60 ಸಾವಿರ ಅಂತ ಸಾಮಾನ್ಯವಾಗಿ ಹೇಳ್ತಾರೆ. ಒಂದೇ ತಿಂಗಳೊಳಗೆ ಮಚಲಿಪಟ್ಟಣದಲ್ಲಿ ಇನ್ನೊಂದು ಚಂಡಮಾರುತ, ಅಲ್ಲಿ ಸುಮಾರು 30 ಸಾವಿರ. ಸಂಖ್ಯೆ ಓದೋಕೆ ಸುಲಭ, ಅದಕ್ಕೇ ಒಂದು ಲೆಕ್ಕ ಹೇಳ್ತೀನಿ: ಕಾರ್ಗಿಲ್ ಯುದ್ಧದಲ್ಲಿ ನಾವು ಕಳ್ಕೊಂಡವರು 527. ಇಲ್ಲಿ ಒಂದು ತಿಂಗಳಲ್ಲಿ ಎರಡು ಗಾಳಿಗೆ ತೊಂಬತ್ತು ಸಾವಿರ.

1865ರಲ್ಲಿ ಕಲ್ಕತ್ತಾ ಬಂದರಿಗೆ ಎಚ್ಚರಿಕೆ ವ್ಯವಸ್ಥೆ ಬಂತು, ಭಾರತದಲ್ಲೇ ಮೊದಲು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು, ಹೆನ್ರಿ ಬ್ಲಾನ್‌ಫರ್ಡ್ ಮೊದಲ ಮುಖ್ಯಸ್ಥ. ನಮ್ಮ ರಜೆಯ ಅಲರ್ಟ್ ಕಳಿಸೋ ಇಲಾಖೆ ಇದೇ. ಅದರ ಹುಟ್ಟಿಗೆ ಕಾರಣ ಈ ಚಂಡಮಾರುತ, ಅದರ ಬೆನ್ನಿಗೆ ಬಂದ ಬರಗಾಲಗಳು.

(ಪೋಸ್ಟ್ 5)

ಪಶ್ಚಿಮ ಕರಾವಳಿಯ ಸರದಿ ಬಂದಿದ್ದು 1880ರಲ್ಲಿ. ಆಗ ಎಚ್ಚರಿಕೆ ಪಡೀತಿದ್ದ ಬಂದರುಗಳ ಪಟ್ಟಿ ನೋಡಿ: ಮುಂಬಯಿ, ಕರಾಚಿ, ರತ್ನಾಗಿರಿ, ವೆಂಗುರ್ಲಾ, ಕಾರವಾರ, ಕುಮಟಾ.

ಆರರಲ್ಲಿ ಎರಡು ನಮ್ಮ ಜಿಲ್ಲೆಯವು! ಸ್ಕೂಲ್ ಪುಸ್ತಕದಲ್ಲಿ ಇದು ಯಾಕಿಲ್ಲ ಅಂತ ನನಗೆ ಸಿಟ್ಟು ಬಂತು. ಹತ್ತಿಯ ಕಥೆ ಮೊದಲೇ ಹೇಳಿದ್ದು ಇದಕ್ಕೇ. ಸರಕು ಇದ್ದಲ್ಲಿ ಹಡಗು, ಹಡಗು ಇದ್ದಲ್ಲಿ ಎಚ್ಚರಿಕೆ. ಬರೀ ಮೀನು ದೋಣಿಗಳಿದ್ದ ಊರಿಗೆ ಯಾರೂ ತಂತಿ ಕಳಿಸ್ತಿರಲಿಲ್ಲ ಅನ್ನೋದನ್ನೂ ಗಮನಿಸಿ.

1886ರ ಹೊತ್ತಿಗೆ ದೇಶದ ಎಲ್ಲ ಬಂದರುಗಳಿಗೂ ವ್ಯವಸ್ಥೆ ಹರಡಿತು. ಆದರೆ ಒಂದೊಂದು ಕಡೆ ಒಂದೊಂದು ಭಾಷೆ. ಈ ಬಂದರಿನ ಗುರುತು ಆ ಬಂದರಿನವನಿಗೆ ಗೊತ್ತಾಗದಿದ್ರೆ ಏನು ಪ್ರಯೋಜನ? 1898ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಒಂದೇ ಸಿಗ್ನಲ್ ಪದ್ಧತಿ ಬಂತು. ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಇವತ್ತಿಗೂ ಅದೇ ನಡೀತಿದೆ. ಚಂಡಮಾರುತ ಬಂದಾಗ ಪೇಪರಿನಲ್ಲಿ "ಬಂದರಿನಲ್ಲಿ 3ನೇ ನಂಬರ್ ಸಿಗ್ನಲ್" ಅಂತ ಓದ್ತೀವಲ್ಲ, ಆ ನಂಬರಿಗೆ ನೂರಾ ಇಪ್ಪತ್ತೈದು ವರ್ಷಕ್ಕೂ ಮೀರಿದ ವಯಸ್ಸು.

ಒಟ್ಟು ಹನ್ನೊಂದು ಸಿಗ್ನಲ್. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ಅದರ ತಲೆ ಹೇಗೆ ಓಡ್ತದೆ ನೋಡಿ. 1 ಅಂದ್ರೆ ದೂರದ ಸಮುದ್ರದಲ್ಲಿ ವಾಯುಭಾರ ಕುಸಿತ ಇದೆ, ಈ ಬಂದರಿಗೇನೂ ಆಗಿಲ್ಲ. 2 ಅಂದ್ರೆ ದೂರದಲ್ಲಿ ಚಂಡಮಾರುತವೇ ಇದೆ. ಇದು ಬಂದರಿನಲ್ಲಿ ಇರೋರಿಗಲ್ಲ, ಬಂದರು ಬಿಟ್ಟು ಹೊರಡೋರಿಗೆ. ಈ ವ್ಯತ್ಯಾಸ ನನಗೆ ತುಂಬ ಹಿಡಿಸಿತು. "ನೀನಿರೋ ಜಾಗ ಸರಿ ಇದೆ, ನೀನು ಹೋಗೋ ಜಾಗ ಸರಿ ಇಲ್ಲ" ಅಂತ ಹೇಳೋಕೇ ಒಂದು ಬೇರೆ ಸಿಗ್ನಲ್. 3 ಅಂದ್ರೆ ಇಲ್ಲೇ ಜೋರು ಗಾಳಿ ಬೀಸೋ ಲಕ್ಷಣ. 4 ಅಂದ್ರೆ ಸಮುದ್ರದಲ್ಲಿರೋ ಚಂಡಮಾರುತ ಮುಂದೆ ಇತ್ತಕಡೆ ಬರಬಹುದು.

ಅಲ್ಲಿಂದ ಮೇಲೆ ಅಪಾಯ. 5, 6, 7 ಚಂಡಮಾರುತಕ್ಕೆ. 8, 9, 10 ತೀವ್ರ ಚಂಡಮಾರುತಕ್ಕೆ, ಅಂದ್ರೆ ಮಹಾ ಅಪಾಯ. ಮೂರು ಮೂರು ಯಾಕೆ? ಗಾಳಿಯ ದಾರಿಯ ಎಡಕ್ಕೆ ಬಂದರು ಬಿದ್ದರೆ ಒಂದು, ಬಲಕ್ಕೆ ಬಿದ್ದರೆ ಒಂದು, ಬಂದರಿನ ಮೇಲೆಯೇ ಹಾದರೆ ಒಂದು.

(ಪೋಸ್ಟ್ 6)

ಎಡ ಬಲದಿಂದ ಏನು ಮಹಾ ವ್ಯತ್ಯಾಸ ಅಂತೀರಾ? ಒಂದು ಪೇಪರ್ ತಗೊಳ್ಳಿ, ನಿಜವಾಗ್ಲೂ ತಗೊಳ್ಳಿ.

ಕಾರವಾರದ ಕರಾವಳಿ ಅಂತ ಮೇಲಿಂದ ಕೆಳಗೆ ಒಂದು ಗೆರೆ ಎಳೀರಿ. ಎಡಗಡೆ ಸಮುದ್ರ, ಬಲಗಡೆ ನಾವು. ನಮ್ಮ ಅರ್ಧಗೋಳದಲ್ಲಿ ಚಂಡಮಾರುತ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತುತ್ತದೆ. ಅದು ಸಮುದ್ರದಿಂದ ಪೂರ್ವಕ್ಕೆ ಬಂದು ಕಾರವಾರದ ಉತ್ತರಕ್ಕೆ, ಗೋವಾ ಹತ್ತಿರ ನೆಲಕ್ಕೇರ್ತದೆ ಅಂದ್ಕೊಳ್ಳಿ. ಆಗ ಕಾರವಾರ ಅದರ ಬಲಕ್ಕೆ. ಸುತ್ತೋ ದಿಕ್ಕಿನ ಪ್ರಕಾರ ಅಲ್ಲಿ ಗಾಳಿ ಪಶ್ಚಿಮದಿಂದ, ಸಮುದ್ರವನ್ನ ದಡಕ್ಕೆ ನೂಕ್ತಾ ಬರ್ತದೆ. ನೀರು ಉಕ್ಕೋದು ಈ ಕಡೆ. ಜೊತೆಗೆ ಸುತ್ತುವ ವೇಗಕ್ಕೆ ಚಂಡಮಾರುತ ಮುಂದೆ ಸಾಗುವ ವೇಗವೂ ಸೇರ್ತದೆ.

ಅದೇ ಗಾಳಿ ಕಾರವಾರದ ದಕ್ಷಿಣಕ್ಕೆ, ಹೊನ್ನಾವರದ ಕಡೆ ಏರಿದ್ರೆ? ಕಾರವಾರ ಈಗ ಎಡಕ್ಕೆ. ಗಾಳಿ ನೆಲದ ಕಡೆಯಿಂದ, ಘಟ್ಟದ ಕಡೆಯಿಂದ ಬೀಸ್ತದೆ. ಲಂಗರು ಕಿತ್ತ ಹಡಗು ದಡಕ್ಕೆ ಬಡಿಯಲ್ಲ, ಸಮುದ್ರಕ್ಕೆ ಎಳಕೊಂಡು ಹೋಗ್ತದೆ.

ಹಡಗಿನವನು ಲಂಗರು ಎಲ್ಲಿ ಹಾಕಬೇಕು, ಯಾವ ಗುಡ್ಡದ ಮರೆಗೆ ಹೋಗಬೇಕು, ಹಗ್ಗ ಯಾವ ಕಡೆ ಬಿಗೀಬೇಕು ಅನ್ನೋದೆಲ್ಲ ಈ ಎಡ ಬಲದ ಮೇಲೆ ನಿಂತಿದೆ. ಕಂಬದ ಮೇಲೆ ನೇತಾಡೋ ನಾಲ್ಕು ಆಕಾರದಲ್ಲಿ ಇಷ್ಟೆಲ್ಲ ಹೇಳಬಹುದು ಅಂತ ಯೋಚನೆ ಮಾಡಿದವರಿಗೆ ಒಂದು ಲೈಕ್.

ಹಡಗಿನವರು ಕಂಬ ಕಾಣದಾಗ ಬಳಸೋ ಒಂದು ಉಪಾಯವೂ ಇದೆ. ಗಾಳಿಗೆ ಬೆನ್ನು ಮಾಡಿ ನಿಂತರೆ, ಚಂಡಮಾರುತದ ಕೇಂದ್ರ ನಿಮ್ಮ ಎಡಗೈ ಕಡೆ ಇರ್ತದೆ. ಡಚ್ ವಿಜ್ಞಾನಿ ಬೈಸ್ ಬಲಾಟ್ 1857ರಲ್ಲಿ ಹೇಳಿದ್ದು. ಟೆರೇಸ್ ಮೇಲೆ ಪರೀಕ್ಷೆ ಮಾಡೋಕೆ ಹೋಗಬೇಡಿ, ಗುಡ್ಡ ಮರಗಳ ನಡುವೆ ಗಾಳಿ ದಿಕ್ಕು ತಪ್ಪಿಸ್ತದೆ, ಮೇಲಾಗಿ ಅಮ್ಮ ಬೈತಾರೆ.

(ಪೋಸ್ಟ್ 7)

ಇದೊಂದು ಪೋಸ್ಟ್ ಬರೀ ಒಂದು ಹಡಗಿಗೆ.

'ವೈತರಣಾ'. ಕರೆಂಟ್ ದೀಪ ಇದ್ದ ಹಡಗು, ಆ ಕಾಲಕ್ಕೆ ಅದೇ ಅಚ್ಚರಿ. ಗುಜರಾತಿನ ಜನ ಪ್ರೀತಿಯಿಂದ 'ವೀಜಳಿ', ಅಂದ್ರೆ ಮಿಂಚು, ಅಂತ ಕರೀತಿದ್ದರು. ಕಛ್‌ನ ಮಾಂಡ್ವಿಯಿಂದ ಮುಂಬಯಿಗೆ ಓಡಾಡ್ತಿತ್ತು. 1888ರ ನವೆಂಬರ್ 8ರಂದು ಮಾಂಡ್ವಿ ಬಿಟ್ಟು ಹೊರಟಿತು. ದ್ವಾರಕೆಯಲ್ಲಿ ಜನ ಹತ್ತಿದರು. ಪೋರಬಂದರಿನಲ್ಲಿ ಹವಾ ಕೆಟ್ಟು ದಡಕ್ಕೆ ಬರಲಾಗದೆ ಮುಂದೆ ಹೋಯಿತು. ಸಂಜೆ ಮಾಂಗರೋಳದ ಹತ್ತಿರ ಕಂಡಿದ್ದೇ ಕೊನೆ. ಮರುದಿನ ಹಡಗಿಲ್ಲ. ಹೆಣ ಸಿಗಲಿಲ್ಲ, ಹಲಗೆ ಸಿಗಲಿಲ್ಲ. ಒಳಗಿದ್ದವರು 740ಕ್ಕೂ ಹೆಚ್ಚು. ಮದುವೆ ದಿಬ್ಬಣಗಳಿದ್ದವು ಅಂತಾರೆ. ಮುಂಬಯಿಗೆ ಮೆಟ್ರಿಕ್ ಪರೀಕ್ಷೆ ಬರೆಯೋಕೆ ಹೊರಟ ವಿದ್ಯಾರ್ಥಿಗಳಿದ್ದರು ಅಂತಾರೆ. ನಮ್ಮ ವಯಸ್ಸಿನವರು.

ಪೋರಬಂದರಿನ ಅಧಿಕಾರಿ ಹೋಗಬೇಡ ಅಂದಿದ್ದ, ಕ್ಯಾಪ್ಟನ್ ಕೇಳಲಿಲ್ಲ ಅನ್ನೋದು ಜನರ ಬಾಯಲ್ಲಿ ಉಳಿದ ಕಥೆ. ಹಾಡುಗಳೇ ಆಗಿವೆ. ಅದು ನಿಜವೋ ಅಲ್ಲವೋ, ಜನ ಆ ಕಥೆಯನ್ನ ಹಾಗೆಯೇ ಯಾಕೆ ಕಟ್ಟಿದರು ಅಂತ ಯೋಚಿಸಿ. ಸಾವಿಗಿಂತ ಹೆಚ್ಚಾಗಿ ಅವರನ್ನ ಕಾಡಿದ್ದು ಕೇಳದೇ ಹೋದ ಮಾತು.

ಸಿಗ್ನಲ್ ವ್ಯವಸ್ಥೆ ಎಲ್ಲ ಬಂದರಿಗೂ ಬಂದು ಎರಡು ವರ್ಷ ಆಗಿತ್ತು ಅನ್ನೋದನ್ನ ಮರೀಬೇಡಿ. ಆದರೆ ಕಂಬ ಇರೋದು ಬಂದರಿನಲ್ಲಿ. ನಡುನೀರಿನಲ್ಲಿರೋ ಹಡಗಿಗೆ ಅದು ಕಾಣಲ್ಲ. ಹಡಗಿನಲ್ಲಿ ವೈರ್‌ಲೆಸ್ ಬರೋಕೆ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಿತ್ತು. ಬಂದರು ಬಿಟ್ಟ ಮೇಲೆ ಹಡಗು ಒಬ್ಬಂಟಿ.

(ಪೋಸ್ಟ್ 8)

ಈಗ ಹನ್ನೊಂದನೇ ಸಿಗ್ನಲ್.

ನಾನಂದ್ಕೊಂಡಿದ್ದೆ, 10 ಅಂದ್ರೆ ಮಹಾ ಅಪಾಯ ಆದ್ರೆ 11 ಅಂದ್ರೆ ಪ್ರಳಯ ಅಂತ. ಅಲ್ಲ. 11ರ ಅರ್ಥ: ಎಚ್ಚರಿಕೆ ಕೊಡೋ ಕಚೇರಿಯ ಜೊತೆ ನಮ್ಮ ಸಂಪರ್ಕ ಕಡಿದಿದೆ, ಹವಾ ಕೆಡೋ ಅಪಾಯ ಇದೆ ಅಂತ ಇಲ್ಲಿರೋ ಅಧಿಕಾರಿಗೆ ಅನ್ನಿಸ್ತಿದೆ.

ಮತ್ತೊಂದು ಸಲ ಓದಿ. ತಂತಿ ಕಡಿದಿದೆ. ಮುಂಬಯಿಂದ ಸುದ್ದಿ ಇಲ್ಲ. ಚಂಡಮಾರುತ ಎಲ್ಲಿದೆ, ಎಡಕ್ಕೋ ಬಲಕ್ಕೋ ಗೊತ್ತಿಲ್ಲ. ಬಂದರಿನ ಅಧಿಕಾರಿ ಕಿಟಕಿಯಿಂದ ಆಕಾಶ ನೋಡ್ತಾನೆ, ಬ್ಯಾರೋಮೀಟರ್ ನೋಡ್ತಾನೆ. ಅವನ ಹೊಟ್ಟೆಯೊಳಗೆ ಏನೋ ಸರಿ ಇಲ್ಲ ಅನ್ನಿಸ್ತದೆ. ಮೇಲಿನವರ ಆದೇಶ ಬರಲಿ ಅಂತ ಕಾಯೋ ಹಾಗಿಲ್ಲ, ಬರೋ ದಾರಿಯೇ ಇಲ್ಲ. ಆಗ ಅವನು ತಾನೇ ತೀರ್ಮಾನ ಮಾಡಿ ಕಂಬಕ್ಕೆ ಸಿಗ್ನಲ್ ಏರಿಸಬಹುದು, "ನನಗೆ ಗೊತ್ತಿಲ್ಲ, ಆದರೆ ಹುಷಾರು" ಅಂತ.

ಸರ್ಕಾರಿ ಪುಸ್ತಕದಲ್ಲಿ "ನಮಗೆ ಸುದ್ದಿ ಇಲ್ಲ" ಅನ್ನೋದಕ್ಕೂ ಒಂದು ಅಧಿಕೃತ ಗುರುತು ಇದೆ ಅಂತ ತಿಳಿದಾಗ ನನಗೆ ಒಂಥರಾ ಆಯ್ತು. ಯಾಕಂದ್ರೆ ಸುದ್ದಿ ಇಲ್ಲದಿರೋದನ್ನ ನಾವೆಲ್ಲ ಒಳ್ಳೆ ಸುದ್ದಿ ಅಂದ್ಕೋತೀವಿ. ಕಂಬ ಖಾಲಿ ಇದ್ರೆ ಸಮುದ್ರ ಶಾಂತ ಅಂತ. ಖಾಲಿ ಕಂಬಕ್ಕೆ ಎರಡು ಅರ್ಥ ಇರಬಹುದು ಅಂತ ಗುರುತಿಸಿ, ಆ ಎರಡನ್ನೂ ಬೇರೆ ಮಾಡಿದ್ದು ಈ ಹನ್ನೊಂದನೆಯದು.

ಮೀನುದೋಣಿಗಳೇ ಹೆಚ್ಚಿರೋ ಸಣ್ಣ ಬಂದರುಗಳಿಗೆ ಹನ್ನೊಂದೂ ಬೇಡ ಅಂತ ಕಡಿಮೆ ಮಾಡಿದ ಒಂದು ಪಟ್ಟಿ ಇದೆ: 3, 4, 7, 10, 11. ಐದೇ ಐದು. ಎಡ ಬಲ ಕೂಡ ತೆಗೆದಿದ್ದಾರೆ. ಆದರೆ 11ನ್ನ ತೆಗೆದಿಲ್ಲ.

(ಪೋಸ್ಟ್ 9)

ಸ್ವಲ್ಪ ಬೇಗ ಬೇಗ ಹೋಗೋಣ. ವೈರ್‌ಲೆಸ್ ಬಂತು, ಹಡಗು ಒಬ್ಬಂಟಿ ಅನ್ನೋದು ತಪ್ಪಿತು. ರೇಡಿಯೋ, ಉಪಗ್ರಹ ಬಂದವು. 1999ರ ಫೆಬ್ರವರಿಯಿಂದ ದೊಡ್ಡ ಹಡಗುಗಳಿಗೆ ಜಗತ್ತಿನಾದ್ಯಂತ ಒಂದೇ ಸುರಕ್ಷತಾ ಸಂಪರ್ಕ ವ್ಯವಸ್ಥೆ ಪೂರ್ತಿ ಜಾರಿಯಾಯ್ತು. ಈಗ ಹಡಗಿನ ಸೇತುವೆಯಲ್ಲಿರೋ ನ್ಯಾವ್‌ಟೆಕ್ಸ್ ಯಂತ್ರ ತಾನಾಗಿಯೇ ಎಚ್ಚರಿಕೆ ಮುದ್ರಿಸ್ತದೆ. ದೀಪಸ್ತಂಭ ಆರಿದೆ, ತೇಲುಗುರುತು ಜಾಗ ಬಿಟ್ಟಿದೆ, ಇಂಥ ಕಡೆ ಹಡಗು ಮುಳುಗಿದೆ ಅನ್ನೋ 'ನಾವಿಕರಿಗೆ ಸೂಚನೆ'ಗಳನ್ನ ಬ್ರಿಟನ್ನಿನ ನೌಕಾ ಇಲಾಖೆ 1834ರಲ್ಲಿ ಶುರು ಮಾಡಿತ್ತು. ನಮ್ಮ ದೇಶದ್ದು ಹೊರಡೋದು ಡೆಹ್ರಾಡೂನಿನಿಂದ. ಸಮುದ್ರದ ನಕ್ಷೆ ಮಾಡೋ ಕಚೇರಿ 1954ರಿಂದ ಸಮುದ್ರಕ್ಕೆ ಸಾವಿರ ಕಿಲೋಮೀಟರ್‌ಗೂ ದೂರದ, ಹಿಮಾಲಯದ ಬುಡದ ಊರಿನಲ್ಲಿದೆ! ಸೂಪಾದವರು ಸಮುದ್ರದ ಬಗ್ಗೆ ಬರೆದ್ರೆ ನಗೋರಿಗೆ ಇದನ್ನ ತೋರಿಸಿ.

ದೊಡ್ಡ ಹಡಗಿನ ಕಥೆ ಆಯ್ತು. ಸಣ್ಣ ದೋಣಿ?

2017ರ ನವೆಂಬರ್ 29ರಂದು ಶ್ರೀಲಂಕಾದ ಹತ್ತಿರ ಒಂದು ವಾಯುಭಾರ ಕುಸಿತ. 30ರ ಬೆಳಿಗ್ಗೆ ಅದು ಕನ್ಯಾಕುಮಾರಿ ಪಕ್ಕದಲ್ಲಿ 'ಒಖಿ' ಚಂಡಮಾರುತ. ಕನ್ಯಾಕುಮಾರಿ, ತಿರುವನಂತಪುರ ಕಡೆಯ ಮೀನುಗಾರರು ಆಳಸಮುದ್ರಕ್ಕೆ ಹೋಗಿ ದಿನಗಳೇ ಆಗಿದ್ದವು. ಅವರ ಮೊಬೈಲ್ ದಡದಿಂದ ಕೆಲವೇ ಕಿಲೋಮೀಟರ್ ದೂರದವರೆಗೆ ಮಾತ್ರ. ಉಪಗ್ರಹದಲ್ಲಿ ಸುಳಿ ಕಾಣ್ತಿತ್ತು, ಟಿವಿಯಲ್ಲಿ ಸುದ್ದಿ ಬರ್ತಿತ್ತು, ದೋಣಿಯವನಿಗೆ ಏನೂ ಗೊತ್ತಿರಲಿಲ್ಲ. ಸತ್ತವರು, ಮರಳಿ ಬರದವರು ಸೇರಿ ನೂರಾರು ಜನ. 1888 ಮತ್ತು 2017, ನಡುವೆ 129 ವರ್ಷ. ಬಂದರು ಬಿಟ್ಟ ದೋಣಿ ಮತ್ತೆ ಒಬ್ಬಂಟಿ.

ಅದಾದ ಮೇಲೆ 2018ರಲ್ಲಿ ತಿರುವನಂತಪುರದಲ್ಲಿ ಹೊಸ ಚಂಡಮಾರುತ ಎಚ್ಚರಿಕೆ ಕೇಂದ್ರ ಬಂತು, ಕರ್ನಾಟಕದ ಕರಾವಳಿಯೂ ಅದರ ವ್ಯಾಪ್ತಿಗೆ ಸೇರಿತು. 2019ರಲ್ಲಿ, ಮೊಬೈಲ್ ಸಿಗದ ದೂರದಲ್ಲೂ ಉಪಗ್ರಹದಿಂದ ಸಂದೇಶ ಪಡೆಯೋ 'ಜೆಮಿನಿ' ಅನ್ನೋ ಸಣ್ಣ ಸಾಧನ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ 'ಕ್ಯಾರ್' ಚಂಡಮಾರುತದ ಹೊತ್ತಿಗೆ ಬೇರೆ ರಾಜ್ಯಗಳ ನೂರಾರು ಬೋಟುಗಳು ಕಾರವಾರದ ಮರೆಗೆ ಬಂದು ಲಂಗರು ಹಾಕಿದ್ದವು. ನೂರೈವತ್ತು ವರ್ಷದ ಹಿಂದೆ ಹೊಗಳಿದ್ದು ಸುಳ್ಳಲ್ಲ ನೋಡ್ರಿ.

ಹಾಗಂತ ಸುದ್ದಿ ಮುಟ್ಟಿದ್ರೆ ಸಾಕು ಅಂತನೂ ಅಲ್ಲ. 2021ರ ಮೇ, 'ತೌಕ್ತೆ'. ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಆದರೂ ಮುಂಬಯಿ ಎದುರಿನ ತೈಲ ಬಾವಿಗಳ ಹತ್ತಿರ ಪಿ-305 ಅನ್ನೋ ಬಾರ್ಜ್ 261 ಜನರನ್ನ ಇಟ್ಕೊಂಡು ಸಮುದ್ರದಲ್ಲೇ ನಿಂತಿತ್ತು. ಲಂಗರು ಕಿತ್ತು ಮೇ 17ರಂದು ಮುಳುಗಿತು. ಅದರ ಜೊತೆಗೆ ಮುಳುಗಿದ ಒಂದು ಟಗ್‌ನವರೂ ಸೇರಿ ಸತ್ತವರು 80ಕ್ಕೂ ಹೆಚ್ಚು. ಅಲ್ಲಿ ತಂತಿ ಕಡಿದಿರಲಿಲ್ಲ. ಪಿಡಿಂಗ್ಟನ್ ಪತ್ರ ಡಾಲ್‌ಹೌಸಿಗೂ ಮುಟ್ಟಿತ್ತಲ್ಲ.

(ಪೋಸ್ಟ್ 10, ಕೊನೆಯದು)

ಕಾಳಿ ಹಿಡ್ಕೊಂಡು ಇಳಿದವರು ಈಗ ವಾಪಸ್ ಮೇಲೆ ಬರೋಣ.

101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಕೆಳಗೆ ನೀರು ಬಿಡೋದು ಅಂದ್ರೆ ಅದೂ ಒಂದು ಬಿರುಗಾಳಿಯೇ. ಕೆಳಗೆ ಗಣೇಶಗುಡಿ, ದಾಂಡೇಲಿ. ಇನ್ನೂ ಕೆಳಗೆ ಕದ್ರಾ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕದ್ರಾ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದು ನಿಮಗೆಲ್ಲ ನೆನಪಿದೆ. ಸೈರನ್, ಮೈಕಿನಲ್ಲಿ ಕೂಗೋದು, ಪಂಚಾಯ್ತಿಯವರ ವಾಟ್ಸಾಪ್ ಮೆಸೇಜು. ಇವು ನಮ್ಮ ಶಂಕು, ನಮ್ಮ ಡೋಲು.

ಜೊಯಿಡಾದ ಒಳಗಿನ ಹಳ್ಳಿಗಳವರಿಗೆ ಹನ್ನೊಂದನೇ ಸಿಗ್ನಲ್ ಅಂದ್ರೆ ಏನು ಅಂತ ನಾನು ವಿವರಿಸಬೇಕಿಲ್ಲ. ಜೋರು ಮಳೆ ಬಂತು, ಕರೆಂಟ್ ಹೋಯ್ತು, ಟವರ್ ಬಿತ್ತು. ಲಾಕ್‌ಡೌನಲ್ಲಿ ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ ಕ್ಲಾಸ್‌ಮೇಟ್ಸ್ ಈ ಪೋಸ್ಟನ್ನೂ ಬಹುಶಃ ಮೂರು ದಿನ ಬಿಟ್ಟು ಓದ್ತಾರೆ. ರೆಡ್ ಅಲರ್ಟ್ ಬಂದ ರಾತ್ರಿ ಅವರ ಫೋನು ಸುಮ್ಮನಿರ್ತದೆ. ಆ ಸುಮ್ಮನಿರೋದಕ್ಕೆ "ಏನೂ ಆಗಿಲ್ಲ" ಅಂತ ಅರ್ಥವೋ, "ಸುದ್ದಿ ಮುಟ್ಟಿಲ್ಲ" ಅಂತ ಅರ್ಥವೋ? ನಾಲ್ಕು ಬಣ್ಣದ ಅಲರ್ಟ್‌ನಲ್ಲಿ ಅದಕ್ಕೊಂದು ಬಣ್ಣ ಇಲ್ಲ. 1898ರ ಕಂಬದವರ ಪಟ್ಟಿಯಲ್ಲಿದ್ದದ್ದು ನಮ್ಮ ಆ್ಯಪಿನಲ್ಲಿ ಇಲ್ಲ.

ಕಮೆಂಟಲ್ಲಿ ಒಂದು ವಿಷಯ ಬರೀರಿ: ನಿಮ್ಮ ಊರಲ್ಲಿ ನೆಟ್‌ವರ್ಕ್ ಹೋದಾಗ ನದಿ ಏರ್ತಿದೆ, ಗುಡ್ಡ ಜಾರ್ತಿದೆ ಅಂತ ಮೊದಲು ಹೇಳೋರು ಯಾರು? ದೇವಸ್ಥಾನದ ಗಂಟೆಯೋ, ಮಸೀದಿಯ ಮೈಕೋ, ಚರ್ಚಿನ ಗಂಟೆಯೋ, ಟಾರ್ಚ್ ಹಿಡ್ಕೊಂಡು ಮನೆ ಮನೆಗೆ ಓಡೋ ಯಾವುದೋ ಕಾಕಾನೋ? ಹೆಸರು ಹಾಕಬೇಡಿ, ಊರು ಮತ್ತು ಹೇಗೆ ಅನ್ನೋದು ಸಾಕು. ಎಲ್ಲ ಸೇರಿಸಿ ನಮ್ಮ ನಾಲ್ಕು ತಾಲೂಕಿನ ಒಂದು ನಕ್ಷೆ ಮಾಡಿ ಮುಂದಿನ ವಾರ ಹಾಕ್ತೀನಿ.

ನೆಟ್‌ವರ್ಕ್ ಸಿಗದ ಗೆಳೆಯರಿಗೆ ಇದನ್ನ ಸ್ಕ್ರೀನ್‌ಶಾಟ್ ತೆಗೆದು ಕ್ಲಾಸಲ್ಲಿ ತೋರಿಸಿ.

#ಹನ್ನೊಂದನೇಸಿಗ್ನಲ್ #ಕಾಳಿನದಿ #ಸೂಪಾ #ಜೊಯಿಡಾ #ಕಾರವಾರ #ಇತಿಹಾಸದಕ್ಯಾಪ್ಷನ್